ಅವ್ವನಿಗೊಂದು ಖೋಲಿ

ಜುಲೈ 28, 2025, ಸೋಮವಾರ. ಮೂಡಲಗಿ

ಡೈರಿ ಮುಟ್ಟದೆ ತಿಂಗಳ ಮೇಲಾಯಿತು. ಇವತ್ತು ತೆಗೆದಿರುವುದು ಅವ್ವನ ಮೇಲಿನ ಸಿಟ್ಟಿಗೆ. ಅವ್ವ ಹತ್ತರಗಿಯಲ್ಲಿದ್ದಾಳೆ, ಡೈರಿ ಮೂಡಲಗಿಯ ನನ್ನ ಬಾಡಿಗೆ ಖೋಲಿಯಲ್ಲಿದೆ, ನಡುವೆ ಎರಡು ಬಸ್ಸು ಬದಲಿಸುವಷ್ಟು ದೂರವಿದೆ. ಹಾಗಾಗಿ ಧೈರ್ಯವಾಗಿ ಬರೆಯಬಹುದು.

ತಪ್ಪು ನನ್ನದೇ. ಬ್ಯಾಂಕಿನ ಕೆಲಸ ಖಾಯಂ ಆದ ದಿನ ಸಂತೋಷ ತಡೆಯಲಾರದೆ, ನಿನ್ನನ್ನು ಯಾವುದಾದರೂ ದೊಡ್ಡ ಊರಿಗೆ ಕರೆದುಕೊಂಡು ಹೋಗುತ್ತೇನೆ, ತಾಯಿ ಮಗಳು ಇಬ್ಬರೇ ಎರಡು ದಿನ ಲಾಡ್ಜಿನಲ್ಲಿ ಇದ್ದು ಬರೋಣ ಎಂದು ಅವ್ವನಿಗೆ ಮಾತು ಕೊಟ್ಟೆ. ಅವ್ವ ಗೋಕಾಕದ ಒಂದು ಲಾಡ್ಜಿನಲ್ಲಿ ಇಪ್ಪತ್ತೆರಡು ವರ್ಷ ಕಸ ಹೊಡೆದು, ಚಾದರ ಬದಲಿಸಿ, ಸಂಡಾಸು ತೊಳೆದವಳು. ಈ ಯುಗಾದಿಗೆ ಮೊಣಕಾಲು ಮಾತು ಕೇಳುವುದಿಲ್ಲವೆಂದು ಕೆಲಸ ಬಿಟ್ಟು ಅಪ್ಪನ ಊರಿಗೆ ಬಂದಿದ್ದಾಳೆ. ಆಕೆಯೂ ಒಂದು ಸಲ ಗಿರಾಕಿಯಾಗಿ ಮಂಚದ ಮೇಲೆ ಮಲಗಲಿ ಎಂಬುದು ನನ್ನ ಆಸೆ. ಆಸೆಗೆ ಮಿತಿಯೂ ಇತ್ತು. ಬಾಡಿಗೆ ಸಾವಿರದೊಳಗಿರಬೇಕು, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಂತಿರಬೇಕು, ಫೋನಿನಲ್ಲಿ ಉಳಿದುಹೋದವರು ಕೊಟ್ಟ ಚುಕ್ಕಿ ನಾಲ್ಕಕ್ಕೆ ಕಡಿಮೆ ಇರಬಾರದು. ಕಾರಿಲ್ಲದವರು ಇದನ್ನೆಲ್ಲ ಮೊದಲೇ ನೋಡಿಕೊಳ್ಳಬೇಕಾಗುತ್ತದೆ.

ನಿನ್ನೆ ಹತ್ತರಗಿಗೆ ಹೋಗಿ ಮೂರು ಲಾಡ್ಜುಗಳನ್ನು ಫೋನಿನಲ್ಲಿ ತೋರಿಸಿದೆ. ಮೊದಲನೆಯದು ಕೊಲ್ಹಾಪುರದ್ದು. ಅವ್ವ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಮಂಚವನ್ನು ಬಿಟ್ಟು ಚಾದರವನ್ನು ನೋಡಿದಳು. ಅಂಗಡಿಯಲ್ಲಿ ಮಡಚಿದ ಗೆರೆ ಇನ್ನೂ ಹಾಗೇ ಇದೆಯಂತೆ, ಫೋಟೋ ತೆಗೆಯುವುದಕ್ಕೆಂದೇ ಕೊಂಡದ್ದಂತೆ, ನಾವು ಹೋದಾಗ ಅದು ಕಪಾಟಿನಲ್ಲಿರುತ್ತದಂತೆ. ಎರಡನೆಯದು ಬೆಳಗಾವಿಯದು. ಬಕೆಟಿನ ಹಿಡಿಕೆಗೆ ತಂತಿ ಕಟ್ಟಿದ್ದಾರೆ, ಬೇಡ ಎಂದಳು. ಮೂರನೆಯದು ಹುಬ್ಬಳ್ಳಿಯದು, ಚೆಂದದ ಕೆಂಪು ಪರದೆ ಇತ್ತು.

"ಆ ಪರದೆ ಹಿಂದ ಕಿಟಕಿ ಇಲ್ಲ" ಎಂದಳು. "ಅಂಚಿನ್ಯಾಗ ಬೆಳಕ ಕಾಣವಲ್ದು. ಬರೇ ಗ್ವಾಡಿಗೆ ಪರದೆ ಹಾಕ್ಯಾರ."

ನಾನು ಹಟಕ್ಕೆ ಬಿದ್ದು ಅಲ್ಲಿ ಉಳಿದವರು ಬರೆದದ್ದನ್ನೆಲ್ಲ ಓದಿದೆ. ಹದಿನೇಳನೆಯವನು ಬರೆದಿದ್ದ: ಕೋಣೆಗೆ ಕಿಟಕಿಯಿಲ್ಲ. ಅವ್ವನಿಗೆ ಹೇಳಲಿಲ್ಲ.

ಅಪ್ಪ ಸಾತಪ್ಪನದು ಬೇರೆಯೇ ವರಸೆ. ಆಗಸ್ಟ್ ಹದಿನೈದರೊಳಗೆ ಊರಿನ ಬುದ್ಧವಿಹಾರದ ಗೋಡೆಗೆ ಸುಣ್ಣ ಬಳಿಯುವ ಕೆಲಸ ಹಿಡಿದಿದ್ದಾನೆ, ಮೈಯೆಲ್ಲ ಬಿಳಿ. ಹೈವೇಗೆ ಹೋಗಿ ನಿಂತರೆ ಕೊಲ್ಹಾಪುರದ ಬಸ್ಸು ಸಿಗುತ್ತದೆ, ಮುಂಜಾನೆ ಹೋಗಿ ಸಂಜೆಗೆ ಬರಬಹುದು, ಅಲ್ಲಿ ಮಲಗುವುದು ಯಾತಕ್ಕೆ ಎಂದ. ನಿದ್ದೆ ಇಲ್ಲೂ ಬರುತ್ತದೆ ಎಂದು ಸೇರಿಸಿದ. ಅಪ್ಪನಿಗೆ ಎಲ್ಲಿ ಬೇಕಾದರೂ ಬರುತ್ತದೆ, ಅದು ಖರೆ.

ಜುಲೈ 31, ಗುರುವಾರ

ಒಂದೇ ಫೋನಿನಲ್ಲಿ ಮೂವರು ಮಾತಾಡಬಹುದು ಎಂದು ಅವ್ವನಿಗೆ ಕಲಿಸಿದ್ದು ನನ್ನ ಎರಡನೆಯ ತಪ್ಪು.

ಸಂಜೆ ಕೊಲ್ಹಾಪುರದ ಇನ್ನೊಂದು ಲಾಡ್ಜಿಗೆ ಫೋನ್ ಹಚ್ಚಿದೆ. ಮ್ಯಾನೇಜರ್ ನಿಪ್ಪಾಣಿ ಕಡೆಯವನಂತೆ, ಒಳ್ಳೆಯ ಕನ್ನಡ ಮಾತಾಡಿದ. ಬಿಸಿನೀರು ಎಷ್ಟು ಗಂಟೆಗೆ, ಬಸ್ ಸ್ಟ್ಯಾಂಡ್ ಎಷ್ಟು ದೂರ ಎಂದು ನಾನು ಕೇಳುತ್ತಿದ್ದೆ. ನಡುವೆ ಹತ್ತರಗಿಯಿಂದ ಅವ್ವ ಬಾಯಿ ಹಾಕಿದಳು.

"ಒಬ್ಬ ಹೆಣ್ಣಮಗಳಿಗೆ ಎಷ್ಟ ಖೋಲಿ ಕೊಟ್ಟೀರಿ?"

ಮ್ಯಾನೇಜರ್ ಬಹಳ ಎಚ್ಚರದಿಂದ, ಇದು ಫ್ಯಾಮಿಲಿ ಲಾಡ್ಜ್, ಇಲ್ಲಿ ಅಂಥ ಹೆಣ್ಣುಮಕ್ಕಳು ಯಾರೂ ಇಲ್ಲ, ಬೇಕಾದರೆ ಬಂದು ಚೆಕ್ ಮಾಡಿರಿ ಎಂದ. ಅವ್ವ ಅಷ್ಟಕ್ಕೆ ಬಿಡಲಿಲ್ಲ. ಹೆಣ್ಣುಮಕ್ಕಳೇ ಇಲ್ಲದಿದ್ದರೆ ಲಾಡ್ಜ್ ನಡೆಸುವುದು ಹೇಗೆ ಎಂದು ಕೇಳಿದಳು. ಫೋನ್ ಕಟ್ಟಾಯಿತು. ಈಗ ಆ ನಂಬರಿಗೆ ಹಚ್ಚಿದರೆ ಹತ್ತುವುದೇ ಇಲ್ಲ, ಪೊಲೀಸರ ನಂಬರೆಂದು ನನ್ನನ್ನು ತಡೆದಿಟ್ಟಿರಬೇಕು.

ಬೆಳಗಾವಿಯ ಒಬ್ಬ ಪಾಪದವನು, ಕಸ ಹೊಡೆಯುವ ಒಬ್ಬಳ ಪಾಲಿಗೆ ಎಷ್ಟು ಖೋಲಿ ಎಂಬ ಪ್ರಶ್ನೆ ಅರ್ಥಮಾಡಿಕೊಂಡು ಹದಿನಾಲ್ಕು ಎಂದ. ಹದಿನಾಲ್ಕು ಖೋಲಿಗೆ ಒಬ್ಬಳೇ ಅಂದರೆ ಆಕೆ ಹಳೇ ಚಾದರವನ್ನೇ ತಿರುವಿ ಹಾಸುವವಳೇ, ಬೇರೆ ದಾರಿ ಇಲ್ಲ ಆಕೆಗೆ, ನಾನೂ ಹಾಸಿದ್ದೇನೆ ಎಂದು ಅವ್ವ ತೀರ್ಪು ಕೊಟ್ಟಳು. ನನ್ನ ನಾಲ್ಕು ಚುಕ್ಕಿಗಳಿಗೆ ಕವಡೆಯ ಕಿಮ್ಮತ್ತೂ ಇಲ್ಲ.

ಆಗಸ್ಟ್ 2, ಶನಿವಾರ

ಇದನ್ನು ಎಲ್ಲಿಯೂ ಬರೆದಿರಲಿಲ್ಲ. ಇವತ್ತು ಬರೆದೇಬಿಡುತ್ತೇನೆ.

ಕಳೆದ ವರ್ಷ ಈ ಶಾಖೆಗೆ ಬಂದ ಮೊದಲ ವಾರ, ಚಹಾ ಕುಡಿಯುವಾಗ, ನಗದು ಕೌಂಟರಿನ ಮಹಾಂತೇಶ ನಿಮ್ಮ ತಾಯಿ ಏನು ಮಾಡುತ್ತಾರೆ ಎಂದು ಕೇಳಿದರು. ಗೋಕಾಕದ ಲಾಡ್ಜಿನಲ್ಲಿದ್ದಾರೆ ಎಂದೆ. ಅಲ್ಲಿಗೆ ನಿಲ್ಲಬಹುದಿತ್ತು. ಮ್ಯಾನೇಜರ್ ಎಂದು ಬಾಯಿ ತಾನಾಗಿಯೇ ಸೇರಿಸಿತು. ಇಪ್ಪತ್ತೆರಡು ವರ್ಷ ದುಡಿದರೂ ಮಾಲಕರು ಕೊಡದ ಬಡ್ತಿಯನ್ನು ನಾನು ಒಂದು ಕಪ್ ಚಹಾ ಮುಗಿಯುವುದರೊಳಗೆ ಕೊಟ್ಟೆ. ಆವತ್ತಿನಿಂದ ಅವರು ಅವ್ವನನ್ನು ಮ್ಯಾನೇಜರ್ ಅವ್ವಾರು ಎನ್ನುತ್ತಾರೆ, ಬಹಳ ಗೌರವದಿಂದ.

ಮಹಾಂತೇಶ ಗೋಕಾಕದವರೇ, ದಿನಾ ಬಸ್ಸಿಗೆ ಬಂದು ಹೋಗುತ್ತಾರೆ. ನಾನು ಮೂರನೆಯ ವಾರವೂ ಲಾಡ್ಜ್ ಹುಡುಕುತ್ತಿರುವುದನ್ನು ಕಂಡು ಇವತ್ತು ನಕ್ಕರು. ಮನೆಯಲ್ಲೇ ಲಾಡ್ಜಿನ ಮ್ಯಾನೇಜರ್ ಇರುವಾಗ ಫೋನನ್ನು ಯಾಕೆ ಕೇಳುತ್ತೀರಿ, ಅಂದಹಾಗೆ ಅವರಿದ್ದದ್ದು ಯಾವ ಲಾಡ್ಜ್ ಎಂದರು. ನಾನು ಮುದ್ರೆಯ ಶಾಯಿ ಆರಿಹೋಗಿದೆ ಎಂದು ಎದ್ದು ಹೋದೆ. ಅವರೇನು ಅಂದುಕೊಳ್ಳುತ್ತಾರೆ ಎಂಬುದು ನನಗೆ ಮುಖ್ಯವಲ್ಲ. ಅವರ ಡಬ್ಬಿಯಲ್ಲಿ ಇವತ್ತು ಮಡಿಕೆಕಾಳಿನ ಪಲ್ಯ ಇತ್ತು.

ಆಗಸ್ಟ್ 5, ಮಂಗಳವಾರ

ಗುಟ್ಟು ಹೊರಬಿತ್ತು. ಹುಬ್ಬಳ್ಳಿ, ವಿಜಯಪುರ, ಸಾಂಗ್ಲಿ ಎಲ್ಲವನ್ನೂ ಅವ್ವ ಒಂದೊಂದು ಕುಂಟುನೆಪ ಹೇಳಿ ತಳ್ಳಿದ ಮೇಲೆ ಇವತ್ತು ಫೋನಿನಲ್ಲೇ ಜಗಳಕ್ಕೆ ನಿಂತೆ. ನಿನಗೆ ಹೋಗುವ ಮನಸ್ಸು ಇದೆಯೋ ಇಲ್ಲವೋ ಎಂದೆ. ಇದೆ ಎಂದಳು. ಎಲ್ಲಿಗೆ ಎಂದೆ. ಸ್ವಲ್ಪ ನಾಚಿಕೊಂಡೇ ಹೇಳಿದಳು.

"ಹಳದಿ ಲಾಡ್ಜಿಗೆ."

ಹಳದಿ ಲಾಡ್ಜ್ ಅಂದರೆ ಗೋಕಾಕದ್ದು. ಆಕೆ ಕಸ ಹೊಡೆದದ್ದು. ಬೋರ್ಡಿನಲ್ಲಿ ಬೇರೇನೋ ಹೆಸರಿದೆ, ಊರಿನವರು ಬಣ್ಣದಿಂದ ಕರೆಯುತ್ತಾರೆ. ಗಣಪತಿ ಹಬ್ಬ ಮುಗಿದ ಮೇಲೆ ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುತ್ತಾರಂತೆ. ಅಷ್ಟರೊಳಗೆ ಅಲ್ಲಿ ಎರಡು ದಿನ ಗಿರಾಕಿಯಾಗಿ ಇರಬೇಕಂತೆ. ಮಳೆಗಾಲದಲ್ಲಿ ಎಲ್ಲೆಲ್ಲಿಂದಲೋ ಬಂದವರಿಗೆ ಗೋಕಾಕ ಫಾಲ್ಸಿಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ದಾರಿ ಹೇಳಿದ್ದಾಳೆ. ನೀರು ತುಂಬಿ ಬೀಳುವ ದಿನಗಳಲ್ಲೇ ಖೋಲಿಗಳೂ ತುಂಬಿರುತ್ತಿದ್ದವು, ಆಕೆ ಒಂದು ಸಲವೂ ಹೋಗಲಾಗಲಿಲ್ಲ. ಅದನ್ನೂ ನೋಡಬೇಕಂತೆ.

ಅದಕ್ಕಿಂತ ದೊಡ್ಡ ಯೋಜನೆ ಬೇರೆಯೇ ಇದೆ. ಗಿರಾಕಿಗಳು ತನಗೆ ಕೊಟ್ಟ ಕಾಟವನ್ನೆಲ್ಲ ಒಂದೊಂದು ಸಲ ತಾನೂ ಮಾಡಿ ನೋಡಬೇಕೆಂದು ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಪಟ್ಟಿ ಇಟ್ಟುಕೊಂಡಿದ್ದಾಳೆ. ಹಸಿ ಟವೆಲನ್ನು ಗಾದಿಯ ಮೇಲೆ ಎಸೆಯುವುದು. ಹಣೆಯ ಟಿಕಳಿ ಕಿತ್ತು ಕನ್ನಡಿಗೆ ಅಂಟಿಸುವುದು. ಪರದೆಯಿಂದ ಚಪ್ಪಲಿ ಒರೆಸುವುದು. ಬಿಸಿನೀರು ತಂದುಕೊಟ್ಟ ಮೇಲೆ ತಣ್ಣೀರು ಕೇಳುವುದು. ಹೇಳುವಾಗ ಆಕೆಯ ದನಿ ಹದಿನಾರರ ಹುಡುಗಿಯದಾಗಿತ್ತು.

ನಾನು ಗೋಕಾಕ ಬೇಡ ಎಂದೆ. ಅದು ಊರೇ ಅಲ್ಲ, ನಾವು ಇದ್ದ ಜಾಗ, ಅಲ್ಲಿ ಮಲಗುವುದಕ್ಕೆ ಬಾಡಿಗೆ ಯಾಕೆ ಎಂದೆ. ಖರೆ ಕಾರಣ ಹೇಳಲಿಲ್ಲ. ಖರೆ ಕಾರಣ ನಗದು ಕೌಂಟರಿನಲ್ಲಿ ಕೂತಿರುತ್ತದೆ.

ಆಗಸ್ಟ್ 7, ಗುರುವಾರ

ಒಪ್ಪಿಕೊಂಡೆ. ಎರಡು ದಿನದಿಂದ ಅವ್ವ ಫೋನ್ ಮಾಡಲಿಲ್ಲ, ಅದಕ್ಕೆ ಒಪ್ಪಿಕೊಂಡೆ.

ಭಾನುವಾರ ಸಂಜೆ ಫಾಲ್ಸಿನ ಮಂದಿಯೆಲ್ಲ ಖಾಲಿಯಾಗುತ್ತಾರೆ, ಬಾಡಿಗೆ ಇಳಿಯುತ್ತದೆ, ಹದಿನೇಳನೆಯ ತಾರೀಖೇ ಸರಿ ಎಂದು ಅವ್ವ ಹೇಳಿಕೊಟ್ಟಳು. ಅವಳ ಹೆಸರು ಹೇಳದೆ ಫೋನ್ ಮಾಡಬೇಕೆಂಬುದು ನನ್ನ ಬುದ್ಧಿ. ದನಿ ಬದಲಿಸಿ, ನಾವು ಬೆಂಗಳೂರಿನಿಂದ ಫಾಲ್ಸ್ ನೋಡೋಕೆ ಬರ್ತಿದೀವಿ, ಒಂದು ರೂಮ್ ಬೇಕಿತ್ತು ಎಂದು ಹಳದಿ ಲಾಡ್ಜಿನ ಮ್ಯಾನೇಜರ್ ಶೆಟ್ಟೆಪ್ಪನವರಿಗೆ ಹೇಳಿದೆ. ಬೆಣ್ಣೆಯಂಥ ಮಾತಾಡಿದರು. ಆಧಾರ್ ಕಳಿಸಿರಿ ಎಂದರು. ಕಳಿಸಿದೆ. ಎರಡು ನಿಮಿಷಕ್ಕೆ ಅವರೇ ಫೋನ್ ಮಾಡಿದರು.

"ಮೇಡಮ್ಮಾರ, ಮೂಡಲಗಿ ಬೆಂಗಳೂರಿಗೆ ಯಾವಾಗ ಹೋತ್ರಿ?"

ಆಸುಪಾಸಿನ ಊರಿನವರಿಗೆ ಖೋಲಿ ಕೊಡುವುದಿಲ್ಲವಂತೆ, ಅದು ಲಾಡ್ಜಿನ ಕಾನೂನು. ಕಾರಿದ್ದವರಾದರೆ ಮುಂದೆಲ್ಲೋ ಹೊರಟವರು, ರಾತ್ರಿಯಾಯಿತು ಎನ್ನಬಹುದು, ಮೂಡಲಗಿಗೆ ಬಸ್ಸಿರುವಾಗ ಇಲ್ಲಿ ಯಾಕೆ ಮಲಗುತ್ತೀರಿ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನಾನು ಯಾರ ಜೊತೆ ಓಡಿ ಬರುತ್ತಿದ್ದೇನೆ ಎಂಬ ಗುಮಾನಿ ಮಾತಿನಲ್ಲಿತ್ತು. ಅವ್ವನ ಜೊತೆ ಎಂದರೆ ನಂಬುತ್ತಿರಲಿಲ್ಲ.

ಅವ್ವ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ಊರಿನ ಜೋಡಿಗಳು ಬಂದರೆ ಮೆಟ್ಟಿಲಲ್ಲೇ ಗುರುತು ಹಿಡಿದು ಶೆಟ್ಟೆಪ್ಪನಿಗೆ ಸನ್ನೆ ಮಾಡುತ್ತಿದ್ದವಳು ತಾನೇ ಅಂತೆ. ಆಕೆಯ ಆಧಾರಿನಲ್ಲಿ ಇನ್ನೂ ಗೋಕಾಕದ್ದೇ ವಿಳಾಸ ಇದೆ. ಮೂಡಲಗಿಯವಳಿಗೇ ಕೊಡದವರು ಗೋಕಾಕದವಳಿಗೆ ಕೊಡುತ್ತಾರೆಯೇ.

ಆಗಸ್ಟ್ 10, ಭಾನುವಾರ. ಹತ್ತರಗಿ

ಕೊಟ್ಟರು. ಅವ್ವ ನನ್ನ ಎದುರಿಗೇ ಫೋನ್ ಮಾಡಿದಳು. ಶೆಟ್ಟೆಪ್ಪಣ್ಣಾ, ನಾ ಕಾಡವ್ವ, ಬರೂ ಆಯ್ತವಾರ ಬರಬೇಕಂತೀನಿ, ಸೋಮವಾರನೂ ಇರತೇನಿ, ಮಗಳೂ ಬರ್ತಾಳ ಎಂದಳು. ಅಷ್ಟೇ. ಬಾ ಮಾರಾಯ್ತಿ, ಅವಶ್ಯ ಬಾ, ನಾಲ್ಕು ಗಂಟೆಯೊಳಗೆ ಬಾ ಎಂದು ಆ ಕಡೆಯಿಂದ ಕೇಳಿಸಿತು. ಆಧಾರಿನ ಮಾತೇ ಇಲ್ಲ. ಇಷ್ಟು ವಾರ ನಾನು ಯಾವ ಚುಕ್ಕಿ ಎಣಿಸುತ್ತಿದ್ದೆನೋ.

ಸೋಮವಾರ ಮಂಗಳವಾರ ರಜೆ ಹಾಕಬೇಕು. ಅವ್ವ ಈಗಲೇ ಚೀಲ ತುಂಬಿದ್ದಾಳೆ. ಎರಡು ದಿನಕ್ಕೆ ನಾಲ್ಕು ಸೀರೆ.

ಆಗಸ್ಟ್ 12, ಮಂಗಳವಾರ

ರಜೆಯ ಅರ್ಜಿಯಲ್ಲಿ ಗೋಕಾಕ ಎಂದು ಬರೆದದ್ದನ್ನು ಮಹಾಂತೇಶ ನೋಡಿದರು. ನಮ್ಮ ಊರಿಗೆ ಬಂದು ನಮ್ಮನ್ನು ಭೇಟಿಯಾಗದೆ ಹೋದರೆ ಹೇಗೆ ಎಂದರು. ಅವ್ವ ಅಲ್ಲೊಬ್ಬರನ್ನು ಕಾಣಬೇಕಂತೆ, ಹಳದಿ ಲಾಡ್ಜ್ ಕೆಡವುತ್ತಾರಂತೆ ಎಂದು ಗಡಿಬಿಡಿಯಲ್ಲಿ ಹೇಳಿಬಿಟ್ಟೆ. ಹಳದಿ ಲಾಡ್ಜೇ, ನಮ್ಮ ಮನೆಯಿಂದ ಎರಡು ಓಣಿ, ಭಾನುವಾರ ಸಂಜೆ ಬಂದು ಮ್ಯಾನೇಜರ್ ಅವ್ವಾರಿಗೆ ನಮಸ್ಕಾರ ಮಾಡಿ ಹೋಗುತ್ತೇನೆ, ನಮ್ಮ ಮನೆಯ ಕರದಂಟು ತರುತ್ತೇನೆ ಎಂದರು. ಬೇಡ ಎಂದೆ. ಸಂಕೋಚ ಮಾಡಬೇಡಿ ಎಂದರು. ಅವ್ವನಿಗೆ ಸಿಹಿ ಆಗುವುದಿಲ್ಲ ಎಂದೆ. ಅಂಟು ಒಳ್ಳೆಯದು, ಮೊಣಕಾಲಿಗೆ ಬಲ ಎಂದರು. ಮೊಣಕಾಲಿನ ವಿಷಯ ನಾನೇ ಎಂದೋ ಹೇಳಿದ್ದೆ.



ಆಗಸ್ಟ್ 13, ಬುಧವಾರ

ಅವ್ವನಿಗೆ ಫೋನ್ ಮಾಡಿ ಬ್ಯಾಂಕಿನಲ್ಲಿ ರಜೆ ಕೊಡಲಿಲ್ಲ ಎಂದೆ.

ಆತು ಬಿಡು, ಕೆಲಸ ದೊಡ್ಡದು ಎಂದಳು.

ಆಗಸ್ಟ್ 14, ಗುರುವಾರ

ರಜೆ ಅರ್ಜಿ ಕೊಟ್ಟ ದಿನವೇ ಮಂಜೂರಾಗಿತ್ತು. ಇಷ್ಟು ನೀಚಳು ನಾನು ಎಂದು ನನಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಫೋನ್ ಮಾಡಿ, ಸಾಹೇಬರು ಮನಸ್ಸು ಬದಲಿಸಿದರು, ರಜೆ ಸಿಕ್ಕಿತು ಎಂದೆ. ಚೀಲ ಬಿಚ್ಚಿಟ್ಟಿದ್ದರೆ ಮತ್ತೆ ತುಂಬಿಕೋ ಎಂದೆ.

"ಬಿಚ್ಚಿಲ್ಲ" ಎಂದಳು.

ಮಹಾಂತೇಶರಿಗೆ ಏನಾದರೂ ಹೇಳಬೇಕು. ನಾಳೆ ಬ್ಯಾಂಕಿಗೆ ರಜೆ. ಶನಿವಾರ ಹೇಳುತ್ತೇನೆ.

ಆಗಸ್ಟ್ 16, ಶನಿವಾರ

ಹೇಳಲಿಲ್ಲ. ಕೌಂಟರಿನಲ್ಲಿ ಪಿಂಚಣಿಯವರ ಗದ್ದಲ ಇತ್ತು. ಗದ್ದಲ ಹನ್ನೆರಡಕ್ಕೇ ಮುಗಿಯಿತು, ಆದರೂ ಹೇಳಲಿಲ್ಲ. ಅವರು ಬರುವ ಹೊತ್ತಿಗೆ ಅವ್ವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿರುತ್ತೇನೆ. ಗೋಕಾಕದಲ್ಲಿ ಎಷ್ಟು ಗುಡಿ ಇಲ್ಲ. ಗುಡಿಗೆ ಬರುವುದಿಲ್ಲ ಎನ್ನುತ್ತಾಳೆ ಅವ್ವ, ಹಾಗಾದರೆ ಸಂತೆಗೆ.

ಆಗಸ್ಟ್ 17, ಭಾನುವಾರ, ಸಂಜೆ. ಗೋಕಾಕ, ಹಳದಿ ಲಾಡ್ಜ್, ಒಂಬತ್ತನೆಯ ನಂಬರು

ಸೊಂಟ ಹಿಡಿದುಕೊಂಡಿದೆ. ಕುರ್ಚಿಯ ಮೇಲೆ ಕೂರಲಾಗದೆ ಗೋಡೆಗೆ ಒರಗಿ ನಿಂತು, ಕಿಟಕಿಯ ಕಟ್ಟೆಯ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಅವ್ವ ಮಂಚದ ನಟ್ಟನಡುವೆ ಮಲಗಿದ್ದಾಳೆ, ನನಗೆ ಜಾಗ ಬಿಟ್ಟಿಲ್ಲ.

ಮೂರೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂಡಿದೆವು. ಅವ್ವ ಹೊಸ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಚೀಲವನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದಳು. ಲಾಡ್ಜಿನ ಕೌಂಟರಿನಲ್ಲಿ ಶೆಟ್ಟೆಪ್ಪನವರು ಚಾಳೀಸನ್ನು ಹಣೆಗೇರಿಸಿಕೊಂಡು ಕೂತಿದ್ದರು. ಅವ್ವನನ್ನು ಕಂಡದ್ದೇ ಮುಖ ಅರಳಿತು. ಬಂದೆಯಾ, ಬಹಳ ಚಲೋ ಆಯಿತು ಎನ್ನುತ್ತ ಕೀಲಿಕೈಗಳ ದೊಡ್ಡ ಗೊಂಚಲನ್ನು ಅವಳ ಮುಂದೆ ತಳ್ಳಿದರು.

"ಪಾರವ್ವ ಮೂರ ದಿನಾ ಒಬ್ಬಾಕಿನ ಬಡಕೊಂಡು ಇವತ್ತ ಎರಡಕ್ಕ ಮನಿಗೆ ಹೋದ್ಲು. ಹನ್ನೊಂದ ಖೋಲಿ ಹೊಲಸ ಬಿದ್ದಾವು. ಮ್ಯಾಲಿಂದ ಚಾಲೂ ಮಾಡು. ಮಗಳ್ನೂ ಕರಕೊಂಡ ಬಂದೀ, ಲಗೂನ ಆಗತೈತಿ."

ಆಗ ತಿಳಿಯಿತು ಆಧಾರ್ ಯಾಕೆ ಕೇಳಲಿಲ್ಲ ಎಂದು. ಹದಿನೈದರ ರಜೆಯ ಗದ್ದಲಕ್ಕೆ ಅವ್ವ ಕೆಲಸಕ್ಕೆ ಬರುತ್ತೇನೆ ಅಂದಳು ಎಂದೇ ಅವರು ತಿಳಿದಿದ್ದರು. ಕಾಡವ್ವ ಬರುತ್ತೇನೆ ಎಂದರೆ ಇನ್ಯಾತಕ್ಕೆ ಬಂದಾಳು. ಅವ್ವನ ಕೈ ಮುಂದೆ ಹೋಯಿತು. ಗೊಂಚಲು ಎತ್ತಿಕೊಂಡಳು, ಹೆಬ್ಬೆರಳಿನಿಂದ ಸರಸರನೆ ಸರಿಸಿದಳು, ಒಂದು ಕೀ ಬಿಡಿಸಿ ತೆಗೆದಳು, ಉಳಿದದ್ದನ್ನು ಅವರ ಕಡೆಗೆ ವಾಪಸು ತಳ್ಳಿದಳು.

"ನನಗ ಒಂಬತ್ತ ನಂಬರ ಒಂದ ಸಾಕ. ಗಿರಾಕಿ ಹನ್ನೊಂದ ಖೋಲಿ ತಗೊಂಡು ಏನ ಮಾಡೂದೈತಿ?"

ಶೆಟ್ಟೆಪ್ಪನವರು ಚಾಳೀಸನ್ನು ಮೂಗಿಗೆ ಇಳಿಸಿ ಅವ್ವನನ್ನು ನೋಡಿದರು, ಅವಳ ಸೀರೆಯನ್ನು ನೋಡಿದರು, ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದರು. ಆಮೇಲೆ ಒಂದಷ್ಟು ಹೊತ್ತು ಕೆಮ್ಮಿದರು. ಲೋಕಲ್ ಆಧಾರಿಗೆ ಖೋಲಿ ಕೊಡಲು ಬರುವುದಿಲ್ಲ, ಮಾಲಕರು ಬೈಯುತ್ತಾರೆ ಎಂದರು. ಲೋಕಲ್ ಮಂದಿಯಲ್ಲಿ ಯಾರು ಎಂಥವರು ಎಂದು ನಿನಗೆ ಹೇಳುತ್ತಿದ್ದವಳೇ ನಾನು, ಇವತ್ತು ನನ್ನ ಬಗ್ಗೆಯೂ ನಾನೇ ಹೇಳುತ್ತೇನೆ, ಈಕೆ ಚಲೋ ಹೆಣ್ಣುಮಗಳು, ಬರೆದುಕೋ ಎಂದಳು ಅವ್ವ. ಬರೆದುಕೊಂಡರು. ಉದ್ಯೋಗ ಎಂಬ ಕಡೆ ನನ್ನ ಕೈಗೆ ಪೆನ್ನು ಕೊಟ್ಟರು. ನನ್ನದನ್ನು ಬರೆದೆ. ಅವ್ವನದಕ್ಕೆ ಪೆನ್ನು ಸ್ವಲ್ಪ ನಿಂತಿತು, ನಿವೃತ್ತ ಎಂದು ಬರೆದೆ. ಅವರು ಓದಿ ರಿಜಿಸ್ಟರ್ ಮುಚ್ಚಿದರು. ಒಂಬತ್ತನೆಯದೂ ಹೊಲಸೇ ಇದೆ, ನಾಳೆ ಪಾರವ್ವ ಬಂದ ಮೇಲೆಯೇ ಸ್ವಚ್ಛ ಎಂದಷ್ಟೇ ಹೇಳಿದರು.

ಬಾಗಿಲು ತೆಗೆದರೆ ಅವ್ವನ ಪಟ್ಟಿಯ ಎಲ್ಲ ಕಾಟಗಳನ್ನೂ ಯಾರೋ ಆಗಲೇ ಮುಗಿಸಿ ಹೋಗಿದ್ದರು. ಗಾದಿಯ ಮೇಲೆ ಹಸಿ ಟವೆಲು, ಕನ್ನಡಿಗೆ ಮೂರು ಟಿಕಳಿ, ಪರದೆಗೆ ಕೆಸರು. ಪಟ್ಟಿಯಲ್ಲಿಲ್ಲದ ಶೇಂಗಾ ಸಿಪ್ಪೆ ನೆಲದ ತುಂಬ. ಅವ್ವ ಹೊಸ್ತಿಲಲ್ಲೇ ನಿಂತು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಾಗಿಲ ಹಿಂದಿನ ಕಸಬರಿಗೆಗೆ ಕೈ ಹಾಕಿದಳು. ಅದು ಆಕೆ ಮನಸ್ಸಿಟ್ಟು ಮಾಡಿದ್ದಲ್ಲ, ಕೈಗೆ ರೂಢಿ. ಇಷ್ಟು ದೂರ ಬಂದು, ಇಷ್ಟೆಲ್ಲ ಕುಣಿದು, ಕೊನೆಗೆ ಆಕೆ ಇದನ್ನೇ ಮಾಡುವುದಾದರೆ ನಾನು ಸತ್ತುಹೋಗಬೇಕು ಅನ್ನಿಸಿತು. ಕಸಬರಿಗೆ ಕಸಿದುಕೊಂಡೆ.

"ನೀ ಗಿರಾಕಿ. ಮ್ಯಾಲ ಕುಂದರು."

ನಿನಗೆ ಬರುವುದಿಲ್ಲ ಎಂದಳು. ಎಂದಾದರೂ ಕಲಿಸಿದ್ದೀಯಾ ಎಂದೆ. ಕಲಿಸಬಾರದು ಎಂದೇ ಕಲಿಸಲಿಲ್ಲ ಎಂದಳು. ಮತ್ತೆ ಹೊಸ ಚಾದರ ಎಲ್ಲಿರುತ್ತದೆ ಎಂದು ಆಕೆಯೇ ಹೇಳಿದಳು, ನಾನು ತಂದು ಹಾಸಿದೆ, ಆಕೆ ಹತ್ತಿ ಕೂತಳು, ಕಾಲು ಚಾಚಿದಳು.

ಆಮೇಲೆ ಶುರುವಾಯಿತು ನೋಡು. ಮೂಲೆಯಿಂದ ಬಾಗಿಲ ಕಡೆಗೆ ಗುಡಿಸಬೇಕು. ಕಸಬರಿಗೆಯನ್ನು ಅಷ್ಟು ಎತ್ತರಕ್ಕೆ ಎತ್ತಬಾರದು. ಟಿಕಳಿಯನ್ನು ಕೆರೆಯಬಾರದು, ಕೊಬ್ಬರಿ ಎಣ್ಣೆ ಹಚ್ಚಿ ಜಾರಿಸಬೇಕು. ಧೂಳಿಗೆ ಸೀನು ಬಂದು ನನ್ನ ಟವೆಲನ್ನು ಮೂಗಿಗೆ, ತಲೆಗೆ ಸುತ್ತಿ ಕಟ್ಟಿಕೊಂಡೆ. ಬ್ಯಾಂಕಿನಲ್ಲಿ ಯಾರೂ ನನ್ನ ಕೆಲಸಕ್ಕೆ ಇಷ್ಟು ತಪ್ಪು ಹುಡುಕಿಲ್ಲ. ಮಹಾಂತೇಶ ಬರುತ್ತಾರೆ, ಹೊರಗೆ ಹೋಗಬೇಕು ಎಂಬುದು ಪೂರ್ತಿ ಮರೆತೇಹೋಯಿತು.

ನಾನು ಮಂಚದ ಕೆಳಗೆ ತೂರಿಕೊಂಡಿದ್ದೆ, ಕಾಲು ಮಾತ್ರ ಹೊರಗೆ. ತೆರೆದ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

"ನಮಸ್ಕಾರ್ರಿ ಅವ್ವಾರ. ಮೂಡಲಗಿ ಬ್ಯಾಂಕಿನ ಅನುರಾಧಾ ಮೇಡಮ್ಮಾರ ತಾಯಿ, ಮ್ಯಾನೇಜರ್ ಅವ್ವಾರು ನೀವ ಅಲ್ರಿ? ನಾ ಮಹಾಂತೇಶ. ಕೆಳಗ ಮೇಡಮ್ಮಾರ ಹೆಸರ ಹೇಳಿ ಖೋಲಿ ಕೇಳ್ಕೊಂಡ ಬಂದೆ. ಮೇಡಮ್ಮಾರು ನಿಮ್ಮ ಬಗ್ಗೆ ಭಾಳ ಹೇಳ್ಯಾರ."

ಮೇಲೆ ಮಂಚ ಒಂದಿಷ್ಟೂ ಅಲುಗಲಿಲ್ಲ. ಎರಡು ಎಣಿಸುವಷ್ಟು ಹೊತ್ತು, ಅಷ್ಟೇ. ಅವ್ವನಿಗೆ ಎಲ್ಲವೂ ತಿಳಿದುಹೋಯಿತು.

ಹೌದ್ರಿ ನಾನ, ಬರ್ರಿ, ಕುಂದರ್ರಿ ಎಂದಳು. ಮಗಳು ಎಲ್ಲಿ ಎಂದು ಅವರು ಕೇಳಿದರೆ ಚಹಾ ತರಲು ಹೋಗಿದ್ದಾಳೆ, ಈಗ ಬರುತ್ತಾಳೆ ಎಂದಳು. ಖೋಲಿ ಹೊಲಸಿತ್ತು, ಈ ಕೆಲಸದ ಹುಡುಗಿ ಗುಡಿಸುತ್ತಿದ್ದಾಳೆ, ನೀವು ಕಾಲು ಸ್ವಲ್ಪ ಮೇಲೆ ಇಟ್ಟುಕೊಳ್ಳಿ ಎಂದಳು. ಅವರು ಕಾಲು ಎತ್ತಿಕೊಂಡರು. ಅವರ ಅಂಗಾಲಿನ ನೆರಳನ್ನು ನಾನು ಮಂಚದ ಕೆಳಗಿನಿಂದ ನೋಡುತ್ತಿದ್ದೆ.

ಅವ್ವ ಮ್ಯಾನೇಜರಿಕೆ ಶುರುಮಾಡಿದಳು. ಎಂಥ ಮ್ಯಾನೇಜರಿಕೆ. ಖೋಲಿ ಹೇಗೆ ತುಂಬಿಸುತ್ತಿದ್ದೆ, ಜಗಳಗಂಟ ಗಿರಾಕಿಯನ್ನು ಹೇಗೆ ಸಾಗಹಾಕುತ್ತಿದ್ದೆ, ಊರ ಜೋಡಿಗಳನ್ನು ಹೇಗೆ ವಾಪಸು ಕಳಿಸುತ್ತಿದ್ದೆ ಎಂದು ಹೇಳಿದ್ದೇ ಹೇಳಿದ್ದು. ಮಹಾಂತೇಶ ಹೌದೇನ್ರಿ, ಹೌದೇನ್ರಿ ಎನ್ನುತ್ತಿದ್ದರು. ಅವ್ವ ಒಂದೇ ಒಂದು ಕಡೆಯೂ ತಡವರಿಸಲಿಲ್ಲ. ನನಗೆ ಸುಳ್ಳು ಹೇಳುವುದು ಎಲ್ಲಿಂದ ಬಂತು ಎಂದು ಆಗ ತಿಳಿಯಿತು. ಆದರೆ ನಾನು ಹೇಳಿದ್ದು ನನ್ನನ್ನು ಉಳಿಸಿಕೊಳ್ಳುವುದಕ್ಕೆ, ಅವ್ವ ಹೇಳುತ್ತಿದ್ದದ್ದೂ ನನ್ನನ್ನು ಉಳಿಸುವುದಕ್ಕೇ.

ನಿಮ್ಮ ಕೈಕೆಳಗೆ ಎಷ್ಟು ಮಂದಿ ಇದ್ದರು ಎಂದು ಅವರು ಕೇಳಿದರು.

"ಒಬ್ಬಾಕಿ ಇದ್ಲರಿ ಕಸಾ ಹೊಡ್ಯಾಕ. ಇಪ್ಪತ್ತೆರಡ ವರ್ಷ ಇದ್ಲು. ಮಗಳಿಗೆ ಜ್ವರಾ ಬಂದ್ರೂ ಬಿಟ್ಟ ಬರ್ತಿದ್ಲು. ಭಾಳ ಚಲೋ ಕೆಲಸದಾಕಿ. ನಾ ಒಂದ ದಿನಾನೂ ಆಕಿಗೆ ಶಾಬಾಸ್ ಅನ್ನಲಿಲ್ಲ ನೋಡ್ರಿ. ಅನಬೇಕಾಗಿತ್ತು."

ಮಂಚದ ಕೆಳಗೆ ಧೂಳು ಬಹಳ ಇತ್ತು, ಕಣ್ಣಲ್ಲಿ ನೀರು ಬಂತು. ಧೂಳಿನಿಂದಲೇ ಬಂತು ಎಂದು ಬರೆಯೋಣ ಎಂದಿದ್ದೆ, ಇರಲಿ, ಧೂಳಿನಿಂದ ಬರಲಿಲ್ಲ. ಆ ಜ್ವರ ನನ್ನದು. ನಾನು ಹಿಂದಕ್ಕೆ ಸರಿದು ಹೊರಬಂದೆ, ಮೊಣಕಾಲ ಮೇಲೆ ಕೂತೆ, ಕೈಯಲ್ಲಿ ಕಸಬರಿಗೆ. ಮೂಗು ತಲೆ ಮುಚ್ಚಿದ್ದ ನನ್ನನ್ನು ಮಹಾಂತೇಶ ಗುರುತಿಸಲಿಲ್ಲ. ಅವ್ವ ಮಂಚದ ಮೇಲಿಂದ ನನ್ನನ್ನೇ ನೋಡಿದಳು. ಆಕೆಯ ಕಣ್ಣು ನಗುತ್ತಿತ್ತು, ಹೋಗು, ಬಾಗಿಲು ಆ ಕಡೆ ಇದೆ ಎನ್ನುತ್ತಿತ್ತು.

"ಮುಗೀತೇನವಾ? ಹೋಗ ಹಂಗಾರ. ನಿನ್ನ ಹೆಸರ ಏನು?"

ಯಾವ ಹೆಸರು ಬೇಕಾದರೂ ಹೇಳಬಹುದಿತ್ತು. ಪಾರವ್ವ ಎಂಬುದು ತುದಿನಾಲಗೆಗೆ ಬಂದಿತ್ತು. ಎದ್ದು ಹೊರಗೆ ಹೋಗಿ, ಮುಖ ತೊಳೆದು, ಎರಡು ಕಪ್ ಚಹಾ ಹಿಡಿದು ಒಳಗೆ ಬಂದಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ನಾನು ಟವೆಲು ಬಿಚ್ಚಿದೆ.

"ಅನುರಾಧಾ. ಕಾಡವ್ವನ ಮಗಳು."

ಮಹಾಂತೇಶ ಎತ್ತಿಟ್ಟುಕೊಂಡಿದ್ದ ಕಾಲನ್ನು ಕೆಳಗಿಳಿಸಿದರು. ನಮ್ಮವ್ವ ಮ್ಯಾನೇಜರ್ ಅಲ್ಲ, ಆ ಚಲೋ ಕೆಲಸದಾಕೆ ಇವಳೇ, ನಾನೇ ನಿಮಗೆ ಸುಳ್ಳು ಹೇಳಿದ್ದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕರದಂಟಿನ ಡಬ್ಬಿಯನ್ನು ತೊಡೆಯ ಮೇಲಿಂದ ತೆಗೆದು ಎರಡೂ ಕೈಯಿಂದ ಅವ್ವನ ಮುಂದೆ ಇಟ್ಟರು. ಮತ್ತೊಮ್ಮೆ ನಮಸ್ಕಾರ್ರಿ ಅವ್ವಾರ ಎಂದರು.

ಅವ್ವ ಅವರಿಗೆ ತಲೆ ಆಡಿಸಿದಳು. ಆಮೇಲೆ ಮಂಚದಿಂದ ಬಾಗಿ, ನಾನು ಗುಡಿಸಿದ ಜಾಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಕಾಡವ್ವನ ಮಗಳ ಆಗಿದ್ರ ಆ ಮೂಲಿ ಹಂಗ ಬಿಡ್ತಿದ್ದಿಲ್ಲ. ಮತ್ತೊಮ್ಮಿ ಹೊಡಿ."

ನಾನು ಟವೆಲು ಕಟ್ಟಿಕೊಂಡು ಮತ್ತೆ ಮಂಚದ ಕೆಳಗೆ ಹೋದೆ.